ಮೂತ್ರಪಿಂಡದ ಕಾಯಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ವೈದ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿವಿಲ್ ಎಂಜಿನಿಯರಿಂಗ್ ಓದಿ, 31 ವರ್ಷ ಸರ್ಕಾರದ ನೀರು ಸರಬರಾಜು ಕೆಲಸ ಮಾಡಿ ನಿವೃತ್ತನಾದವನು. ಹೊಳೆಯಿಂದ ನೀರೆತ್ತುವುದು, ಶುದ್ಧ ಮಾಡುವುದು, ಟ್ಯಾಂಕಿಗೆ ಏರಿಸಿ ಊರಿಗೆ ಬಿಡುವುದು, ನಲ್ಲಿಯಲ್ಲಿ ನೀರು ಬರದಿದ್ದಾಗ ಜನರಿಂದ ಬೈಸಿಕೊಳ್ಳುವುದು, ಇದಿಷ್ಟು ನನ್ನ ಕಾಯಕ. ಹಾಗಿದ್ದೂ ಮೂತ್ರಪಿಂಡದ ಕಾಯಿಲೆಯ ಬಗ್ಗೆ ನೀವೇ ಮಾತಾಡಬೇಕು ಎಂದು ಅಪ್ಪಗಳು ಅಪ್ಪಣೆ ಕೊಡಿಸಿದರು. ಕಾರಣ ನಿಮ್ಮಲ್ಲಿ ಹಲವರಿಗೆ ಗೊತ್ತು. ನನ್ನ ಅಣ್ಣ ನಾಲ್ಕು ವರ್ಷ ಡಯಾಲಿಸಿಸ್ ಮೇಲೆ ಬದುಕಿದ. ವಾರಕ್ಕೆ ಎರಡು ಸಲದಂತೆ ನಾನೂರಕ್ಕೂ ಹೆಚ್ಚು ಬಾರಿ ಅವನನ್ನು ಕರೆದುಕೊಂಡು ಹೋಗಿ, ನಾಲ್ಕು ತಾಸು ಕಾದು, ಕರೆದುಕೊಂಡು ಬಂದವನು ನಾನು. ಆ ಕಾಯುವಿಕೆಯಲ್ಲಿ ಓದಿ ಕಲಿತದ್ದನ್ನು, ಕಲಿಯುವಷ್ಟರಲ್ಲಿ ಕಳೆದುಕೊಂಡದ್ದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮೂತ್ರಪಿಂಡ ಎಂದರೆ ನನ್ನ ಭಾಷೆಯಲ್ಲಿ ಒಂದು ಶುದ್ಧೀಕರಣ ಘಟಕ. ನಮ್ಮ ಮುಷ್ಟಿಯಷ್ಟು ದೊಡ್ಡದು, ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ದೇಹಕ್ಕೆ ಮರಳಿಸಿ, ಕಸವನ್ನಷ್ಟೇ ಒಂದೂವರೆ ಲೀಟರ್ ಮೂತ್ರವಾಗಿ ಹೊರಹಾಕುತ್ತವೆ. ಇಷ್ಟು ಮಿತವ್ಯಯದ ಘಟಕವನ್ನು ನಾನು ನನ್ನ ಸೇವೆಯಲ್ಲಿ ಕಂಡಿಲ್ಲ. ಜೊತೆಗೆ ರಕ್ತದ ಒತ್ತಡ, ಉಪ್ಪಿನ ಸಮತೋಲನ, ರಕ್ತ ತಯಾರಾಗಲು ಬೇಕಾದ ಹಾರ್ಮೋನು, ಎಲುಬಿನ ಗಟ್ಟಿತನ ಇವುಗಳನ್ನೂ ಅದೇ ನೋಡಿಕೊಳ್ಳುತ್ತದೆ.

ಈ ಘಟಕದ ದೊಡ್ಡ ಗುಣವೇ ದೊಡ್ಡ ದೋಷ. ಅದು ದೂರು ಕೊಡುವುದಿಲ್ಲ. ಅರ್ಧ ಕೆಟ್ಟರೂ ಉಳಿದರ್ಧ ಹೆಚ್ಚು ದುಡಿದು ಸರಿದೂಗಿಸುತ್ತದೆ. ಕಾಲು ಬಾತು, ಊಟ ಸೇರದೆ, ಉಸಿರು ಕಟ್ಟಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಹುಪಾಲು ಹೋಗಿಬಿಟ್ಟಿರುತ್ತದೆ. ನನ್ನ ಅಣ್ಣನಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಬಿಪಿ ಇತ್ತು. ತಲೆನೋವಿಲ್ಲ, ಬಿಪಿ ಗುಳಿಗೆ ಯಾಕೆ ಎಂದು ಬಿಟ್ಟಿದ್ದ. ಹೊಲದಲ್ಲಿ ದುಡಿದು ಮೊಣಕಾಲು ನೋಯುತ್ತಿತ್ತು, ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಿದ್ದ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ವರ್ಷಗಟ್ಟಲೆ ನೋವಿನ ಗುಳಿಗೆ, ಮೂತ್ರಪಿಂಡ ಕೆಡಲು ಇನ್ನೇನು ಬೇಕು? ಅಷ್ಟು ವರ್ಷದಲ್ಲಿ ಒಮ್ಮೆಯೂ ಅವನ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿರಲಿಲ್ಲ. ಊರಿಗೆಲ್ಲ ನೀರಿನ ಪರೀಕ್ಷೆ ಮಾಡಿಸುತ್ತಿದ್ದ ನಾನೂ ಮಾಡಿಸಿರಲಿಲ್ಲ.

ಡಯಾಲಿಸಿಸ್ ಹೇಗೆ ಬಂತು ಎಂಬುದು ತಿಳಿಯಬೇಕಾದ ಕಥೆ. 1938ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ಯುವ ವೈದ್ಯರು 22 ವರ್ಷದ ಯುವಕನೊಬ್ಬ ಮೂತ್ರಪಿಂಡ ಕೆಟ್ಟು ಸಾಯುವುದನ್ನು ಕೈಕಟ್ಟಿ ನೋಡಬೇಕಾಯಿತು. ದಿನಕ್ಕೆ 20 ಗ್ರಾಂ ಯೂರಿಯಾ ಹೊರತೆಗೆಯಲು ಸಾಧ್ಯವಾಗಿದ್ದರೆ ಈ ಹುಡುಗ ಉಳಿಯುತ್ತಿದ್ದನಲ್ಲ ಎಂದು ಅವರು ಲೆಕ್ಕ ಹಾಕಿದರು. ಮುಂದೆ ಯುದ್ಧ ಬಂತು, ದೇಶ ಜರ್ಮನರ ಕೈವಶವಾಯಿತು. ಕಾಂಪನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ, ಯಾವ ಸಾಮಗ್ರಿಯೂ ಸಿಗದ ಕಾಲದಲ್ಲಿ, ಸಾಸೇಜ್ ತುಂಬಲು ಬಳಸುತ್ತಿದ್ದ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಡ್ರಮ್ಮಿಗೆ ಸುತ್ತಿದರು. ಪಾತ್ರೆಗಳಿಗೆ ಎನಾಮಲ್ ಹಚ್ಚುವ ಆ ಊರಿನ ಕಾರ್ಖಾನೆಯ ಮುಖ್ಯಸ್ಥರು ತೊಟ್ಟಿ ಮಾಡಿಸಿಕೊಟ್ಟರು. ತಿರುಗುವ ಡ್ರಮ್ಮಿನಿಂದ ರಕ್ತ ಸೋರದಂತೆ ಜೋಡಿಸಲು ಫೋರ್ಡ್ ಕಾರಿನ ವಾಟರ್ ಪಂಪಿನ ಉಪಾಯವನ್ನು ಎರವಲು ಪಡೆದರು. ಕೊಳವೆಯೊಳಗೆ ರಕ್ತ, ಹೊರಗೆ ತೊಟ್ಟಿಯಲ್ಲಿ ಉಪ್ಪುನೀರು. ರಕ್ತದಲ್ಲಿನ ಕಸ ಸಣ್ಣ ರಂಧ್ರಗಳಿಂದ ನೀರಿಗೆ ಇಳಿಯುತ್ತದೆ, ರಕ್ತಕಣಗಳು ಒಳಗೇ ಉಳಿಯುತ್ತವೆ. ಇಂದಿನ ಯಂತ್ರ ಎಷ್ಟೇ ಹೊಳೆಯಲಿ, ಅದರ ತತ್ವ ಇಷ್ಟೇ.

1943ರಲ್ಲಿ ಮೊದಲ ರೋಗಿ. ಅಲ್ಲಿಂದ ಒಬ್ಬರಾದ ಮೇಲೊಬ್ಬರು ಹದಿನೈದು ಮಂದಿ ತೀರಿಕೊಂಡರು. ಉಳಿದ ಒಬ್ಬರೂ ಯಂತ್ರದಿಂದಲೇ ಉಳಿದರೆಂದು ಕೋಲ್ಫ್ ಹೇಳಿಕೊಳ್ಳಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ಬಂದ ಹದಿನೇಳನೆಯ ರೋಗಿ 67 ವರ್ಷದ ಹೆಂಗಸು. ಜರ್ಮನರ ಪರ ನಿಂತಿದ್ದಳೆಂದು ಸೆರೆಯಲ್ಲಿದ್ದವಳು. ದೇಶವೇ ದ್ವೇಷಿಸುತ್ತಿದ್ದ ಗುಂಪಿಗೆ ಸೇರಿದ ಆಕೆಯನ್ನು ಕೋಲ್ಫ್ 11 ತಾಸು ಯಂತ್ರಕ್ಕೆ ಜೋಡಿಸಿದರು. ಪ್ರಜ್ಞೆ ಇಲ್ಲದೆ ಬಂದವಳು ಕಣ್ತೆರೆದು ಮಾತಾಡಿದಳು. ಕೃತಕ ಮೂತ್ರಪಿಂಡದಿಂದ ಬದುಕಿದ ಮೊದಲ ಮನುಷ್ಯಳು ಆಕೆ. ಯುದ್ಧ ಮುಗಿದ ಮೇಲೆ ಕೋಲ್ಫ್ ತಾವು ಕಟ್ಟಿದ ಯಂತ್ರಗಳನ್ನು ಇಂಗ್ಲೆಂಡ್, ಅಮೆರಿಕ, ಕೆನಡಾಗಳ ಆಸ್ಪತ್ರೆಗಳಿಗೆ ಹಣ ಪಡೆಯದೆ ಕೊಟ್ಟುಬಿಟ್ಟರು. ಇದಕ್ಕೆ ನಮ್ಮಲ್ಲಿ ದಾಸೋಹ ಎಂಬ ಹೆಸರಿದೆ. ಆ ಪದ ಅವರಿಗೆ ತಿಳಿದಿರಲಿಲ್ಲ, ಕೆಲಸ ತಿಳಿದಿತ್ತು.

ಆದರೆ ಆ ಯಂತ್ರ ಕೆಲವು ಸಲಕ್ಕಷ್ಟೇ ಆಗುತ್ತಿತ್ತು. ಪ್ರತಿ ಬಾರಿ ರಕ್ತನಾಳ ಕೊಯ್ದು ಕೊಳವೆ ಹಾಕಬೇಕು, ನಾಳಗಳು ಮುಗಿದರೆ ದಾರಿ ಮುಗಿಯಿತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಕಾಯಂ ಉಳಿಸುವ ಉಪಾಯ ಕಂಡುಹಿಡಿದರು. ಅವರ ಮೊದಲ ರೋಗಿ 11 ವರ್ಷ ಬದುಕಿದರು. ಈಗ ಕೈಯ ಶುದ್ಧರಕ್ತನಾಳವನ್ನೂ ಮಲಿನರಕ್ತನಾಳವನ್ನೂ ಕೂಡಿಸಿ ಮಾಡುವ ಫಿಸ್ಟುಲಾ 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಪ್ರಕಟಿಸಿದ ವಿಧಾನ.

ಸಿಯಾಟಲ್‌ನಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿತು. ಯಂತ್ರಗಳು ಬೆರಳೆಣಿಕೆಯಷ್ಟು, ರೋಗಿಗಳು ನೂರಾರು. ಯಾರಿಗೆ ಕೊಡಬೇಕು? ಊರಿನ ಏಳು ಜನರ ಸಮಿತಿ ಮಾಡಿದರು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವರು, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ಮುಖಂಡ ಇದ್ದರು. ಮದುವೆ ಆಗಿದೆಯೇ, ಮಕ್ಕಳೆಷ್ಟು, ಸಂಬಳವೆಷ್ಟು, ಚರ್ಚಿಗೆ ಹೋಗುತ್ತಾರೆಯೇ ಎಂದೆಲ್ಲ ನೋಡಿ ಇವರು ಬದುಕಲಿ, ಇವರು ಬೇಡ ಎಂದು ತೀರ್ಮಾನಿಸುತ್ತಿದ್ದರು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಪ್ರಕಟಿಸಿದಾಗ ದೇಶ ಬೆಚ್ಚಿಬಿತ್ತು. 1972ರಲ್ಲಿ ಅಮೆರಿಕ ಸರ್ಕಾರ ಕಾನೂನು ತಂದು ಡಯಾಲಿಸಿಸ್ ವೆಚ್ಚ ವಹಿಸಿಕೊಂಡಿತು. ನಮ್ಮಲ್ಲಿ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಯಿತು. ಆದರೂ ಶರಣರೇ, ಆ ಏಳು ಜನರ ಸಮಿತಿ ನಮ್ಮಲ್ಲಿ ಇನ್ನೂ ಇದೆ. ಬಸ್ಸಿನ ಖರ್ಚು, ಕಳೆದುಹೋಗುವ ಕೂಲಿ, ಜೊತೆಗೆ ಬರುವವರಿಲ್ಲದ ಮುಪ್ಪು, ಹೆಣ್ಣೆಂಬ ಕಾರಣ ಇವೇ ಕುಳಿತು ಯಾರು ಬದುಕಬೇಕೆಂದು ತೀರ್ಮಾನಿಸುತ್ತಿವೆ.

ಈಗ ಲೆಕ್ಕಕ್ಕೆ ಬರೋಣ. ಎಷ್ಟು ಡಯಾಲಿಸಿಸ್ ಸಾಕು? ಇದಕ್ಕೊಂದು ಅಳತೆ ಇದೆ, ಕೆಟಿ ಬೈ ವಿ ಎನ್ನುತ್ತಾರೆ. 1980ರ ದಶಕದಲ್ಲಿ ಗಾಚ್ ಎಂಬ ವೈದ್ಯರೂ ಸಾರ್ಜೆಂಟ್ ಎಂಬ ಎಂಜಿನಿಯರೂ ಸೇರಿ ರೂಪಿಸಿದ್ದು. ನಿಮಿಷಕ್ಕೆ ಎಷ್ಟು ರಕ್ತ ಶುದ್ಧವಾಗುತ್ತದೆ, ಅದನ್ನು ಎಷ್ಟು ನಿಮಿಷ ಎಂಬುದರಿಂದ ಗುಣಿಸಿ, ದೇಹದಲ್ಲಿರುವ ಒಟ್ಟು ನೀರಿನಿಂದ ಭಾಗಿಸಿ. ಟ್ಯಾಂಕ್ ತೊಳೆಯುವ ಲೆಕ್ಕದಂತೆಯೇ. ಅಣ್ಣನ ದೇಹದಲ್ಲಿ ಸುಮಾರು 35 ಲೀಟರ್ ನೀರು ಎಂದುಕೊಳ್ಳಿ. ನಿಮಿಷಕ್ಕೆ 180 ಮಿಲಿಲೀಟರ್ ಶುದ್ಧವಾದರೆ 240 ನಿಮಿಷಕ್ಕೆ ಸುಮಾರು 43 ಲೀಟರ್. ಭಾಗಿಸಿದರೆ 1.2 ದಾಟುತ್ತದೆ. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಿಗೆ ಪ್ರತಿ ಸಲ ಕನಿಷ್ಠ 1.2 ಇರಬೇಕು. ಬಸ್ ತಪ್ಪುತ್ತದೆ ಎಂದು ಮೂರೇ ತಾಸಿಗೆ ಬಿಡಿಸಿಕೊಂಡರೆ ಅದು 0.93ಕ್ಕೆ ಇಳಿಯುತ್ತದೆ. ಆ ಒಂದು ತಾಸನ್ನು ಬಿಡಬೇಡಿ. ಅತಿಯಾಗಿ ಹೆಚ್ಚಿಸಿದರೆ ಲಾಭವೇ ಎಂದೂ ನೋಡಿದ್ದಾರೆ. 2002ರಲ್ಲಿ ಪ್ರಕಟವಾದ ಹೀಮೋ ಅಧ್ಯಯನ 1,846 ರೋಗಿಗಳಲ್ಲಿ ನಡೆಯಿತು. ವಾರಕ್ಕೆ ಮೂರು ಸಲದ ಚಿಕಿತ್ಸೆಯಲ್ಲಿ ನಿಗದಿತ ಅಳತೆಗಿಂತ ಬಹಳ ಹೆಚ್ಚು ಕೊಟ್ಟರೂ ಒಟ್ಟಾರೆ ಆಯುಷ್ಯ ಹೆಚ್ಚಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು 2011ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಅಧ್ಯಯನ. 32 ಸಾವಿರ ರೋಗಿಗಳ ದಾಖಲೆ ನೋಡಿದಾಗ, ವಾರದಲ್ಲಿ ಎರಡು ದಿನ ಬಿಡುವು ಬೀಳುತ್ತದಲ್ಲ, ಆ ಬಿಡುವಿನ ಮರುದಿನ ಸಾವುಗಳೂ ಹೃದಯದ ತೊಂದರೆಗಳೂ ಹೆಚ್ಚು ಎಂದು ಕಂಡಿತು. ವಾರಕ್ಕೆ ಎರಡೇ ಸಲ ಹೋಗುವ ನಮ್ಮವರಿಗೆ ಪ್ರತಿ ವಾರವೂ ಅದಕ್ಕಿಂತ ದೊಡ್ಡ ಅಂತರ. ಆ ಅಂತರದಲ್ಲಿ ನೀರು, ಉಪ್ಪು, ಪೊಟ್ಯಾಸಿಯಂ ದೇಹದಲ್ಲಿ ಏರುತ್ತಲೇ ಇರುತ್ತವೆ. ಜಾತ್ರೆಯ ದಿನ ಯಾರೋ ಪ್ರೀತಿಯಿಂದ ಅಣ್ಣನಿಗೆ ಎಳನೀರು ಕೊಟ್ಟರು, ತಂಪು ಎಂದು. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಆ ರಾತ್ರಿ ಅವನ ಹೃದಯದ ಬಡಿತ ತಪ್ಪಿ ತುರ್ತು ವಿಭಾಗಕ್ಕೆ ಓಡಿದೆವು. ಡಯಾಲಿಸಿಸ್ ರೋಗಿಗೆ ಎಳನೀರು, ಹಣ್ಣಿನ ರಸ, ಉಪ್ಪಿನಕಾಯಿ ಕೊಡುವ ಮೊದಲು ಅವರನ್ನು ಕೇಳಿ. ಅದೂ ಒಂದು ದಯೆ.

ಇನ್ನು ನೀರಿನ ವಿಷಯ. ಇದು ನನ್ನ ಕ್ಷೇತ್ರ. ಯಂತ್ರದಲ್ಲಿ ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ. ನಾಲ್ಕು ತಾಸಿಗೆ 120 ಲೀಟರ್. ನಾವು ಎರಡು ತಿಂಗಳಲ್ಲಿ ಕುಡಿಯುವಷ್ಟು ನೀರು ಅವರ ರಕ್ತದ ಪಕ್ಕದಲ್ಲಿ ಒಂದೇ ಮಧ್ಯಾಹ್ನ ಹರಿಯುತ್ತದೆ, ನಡುವೆ ತೆಳುವಾದ ಒಂದು ಪೊರೆ. ಕುಡಿದ ನೀರಿನಲ್ಲಿ ಕೆಟ್ಟದ್ದಿದ್ದರೆ ಕರುಳು ಬಹಳಷ್ಟನ್ನು ತಡೆಯುತ್ತದೆ, ಉಳಿದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಇವರಿಗೆ ಆ ಎರಡೂ ಕಾವಲು ಇಲ್ಲ.

ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಾದಾಗ ನಾವು ಆಲಂ ಹಾಕುತ್ತೇವೆ, ನಿಮ್ಮ ಮನೆಯ ಪಟಿಕ ಅದು. ಅದರಲ್ಲಿರುವುದು ಅಲ್ಯೂಮಿನಿಯಂ. 1976ರಲ್ಲಿ ಅಮೆರಿಕದ ಡೆನ್ವರಿನ ಆಲ್‌ಫ್ರೆ ಮತ್ತು ಸಂಗಡಿಗರು ಒಂದು ಸಂಗತಿ ಬೆಳಕಿಗೆ ತಂದರು. ಡಯಾಲಿಸಿಸ್ ರೋಗಿಗಳು ಕೆಲವರು ಮಾತು ತೊದಲಿ, ಮೈ ಅದುರಿ, ನೆನಪು ಅಳಿಸಿ ಸಾಯುತ್ತಿದ್ದರು. ಅವರ ಮಿದುಳಿನಲ್ಲಿ ಅಲ್ಯೂಮಿನಿಯಂ ಬಹಳ ಹೆಚ್ಚಿತ್ತು. ಸೋಸದ ನೀರೂ ಅಲ್ಯೂಮಿನಿಯಂ ಇದ್ದ ಔಷಧಿಗಳೂ ಕಾರಣವೆಂದು ಮುಂದೆ ತಿಳಿಯಿತು. ಕುಡಿಯುವ ನೀರಿನಲ್ಲಿ ಬೇರೆ ದಾರಿಯಿಲ್ಲದಿದ್ದರೆ ಲೀಟರಿಗೆ 0.2 ಮಿಲಿಗ್ರಾಂವರೆಗೆ ಅಲ್ಯೂಮಿನಿಯಂ ನಮ್ಮ ಮಾನದಂಡ ಒಪ್ಪುತ್ತದೆ. ಡಯಾಲಿಸಿಸ್ ನೀರಿಗೆ ಮಿತಿ 0.01. ಅಂದರೆ ಇಪ್ಪತ್ತು ಪಟ್ಟು ಬಿಗಿ. ಫ್ಲೋರೈಡ್ ಕುಡಿಯಲು 1.5ರವರೆಗೆ ನಡೆಯುತ್ತದೆ, ಇಲ್ಲಿ 0.2 ದಾಟುವಂತಿಲ್ಲ. ರಾಯಚೂರು, ಕೊಪ್ಪಳ, ಗದಗ ಕಡೆಯ ಬೋರ್‌ವೆಲ್ ನೀರಿನ ಗುಣ ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಎಂಬ ಊರಿನಲ್ಲಿ ಬರಗಾಲ. ಕೆರೆಯ ನೀರನ್ನು ಟ್ಯಾಂಕರಿನಲ್ಲಿ ಡಯಾಲಿಸಿಸ್ ಕೇಂದ್ರಕ್ಕೆ ತಂದರು. ಕೆರೆಯಲ್ಲಿ ನೀಲಿಹಸಿರು ಪಾಚಿ ಇತ್ತು, ಅದರ ವಿಷ ಹಾಗೇ ದಾಟಿತು. ಐವತ್ತಕ್ಕೂ ಹೆಚ್ಚು ರೋಗಿಗಳು ಯಕೃತ್ತು ಕೆಟ್ಟು ಸತ್ತರು. ಪಾಚಿ ಕಟ್ಟಿದ ಕೆರೆ ಮತ್ತು ಬೇಸಿಗೆಯ ಟ್ಯಾಂಕರ್ ನಮಗೆ ಹೊಸದೇ?

ಅಣ್ಣ ಹೋಗುತ್ತಿದ್ದ ಕೇಂದ್ರದಲ್ಲಿ ಒಂದು ಮಧ್ಯಾಹ್ನ ನಾಲ್ವರಿಗೆ ಒಟ್ಟಿಗೆ ಚಳಿಜ್ವರ ಬಂತು. ಏಸಿ ತಂಪು ಎಂದರು. ನಾನು ಹಿಂದಿನ ಶೆಡ್ಡಿಗೆ ಹೋಗಿ ಆರ್‌ಓ ಘಟಕ ನೋಡಿದೆ. ವಾಹಕತೆ ಅಳೆಯುವ ಮೀಟರ್ ಕೆಟ್ಟಿತ್ತು. ಇದ್ದಿಲಿನ ಫಿಲ್ಟರ್ ಬದಲಿಸಿದ ದಿನಾಂಕ ಖಾಲಿ. ಶುದ್ಧ ನೀರಿನ ಟ್ಯಾಂಕಿನ ಮುಚ್ಚಳ ತೆರೆದಿತ್ತು. ಆದರೆ ರಿಜಿಸ್ಟರ್ ಮಾತ್ರ ಭರ್ತಿ, ಇನ್ನೂ ಬಾರದ ದಿನಗಳ ಅಂಕಿಗಳೂ ತಿಂಗಳ ಕೊನೆಯವರೆಗೆ ಬರೆದಿದ್ದವು. ತಂತ್ರಜ್ಞ ಇಪ್ಪತ್ತಮೂರರ ಹುಡುಗ. ಸಿಟ್ಟಿನಿಂದ ಬಾಯಿ ತೆರೆದವನು ಸುಮ್ಮನಾದೆ. ಯಾಕೆಂದರೆ ಅಂಥ ರಿಜಿಸ್ಟರು ನನಗೆ ಪರಿಚಯ. ನನ್ನ ಸೇವೆಯಲ್ಲಿ ಕ್ಲೋರಿನ್ ಅಂಕಿ, ಆಲಂ ಅಂಕಿ ಹೀಗೇ ಮುಂಚಿತವಾಗಿ ತುಂಬಿದ ಪುಟಗಳಿಗೆ ನಾನೇ ಸಹಿ ಹಾಕಿದ್ದೇನೆ. ನನ್ನ ಕೊಳವೆಯ ಕೊನೆಯಲ್ಲಿ ಒಂದು ಡಯಾಲಿಸಿಸ್ ಕೇಂದ್ರ ಇದೆಯೇ ಎಂದು 31 ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಆ ಹುಡುಗನ ಪಕ್ಕ ಕುಳಿತು ಎರಡು ವಾರ ಘಟಕದ ಕೆಲಸ ಕಲಿಸಿದೆ. ಬರವಣಿಗೆಯಲ್ಲಿ ದೂರನ್ನೂ ಕೊಟ್ಟೆ. ಮೀಟರ್ ಬಂತು, ನೀರಿನ ಪರೀಕ್ಷೆ ತಿಂಗಳಿಗೊಮ್ಮೆ ಶುರುವಾಯಿತು. ಕಾಯಕ ಎಂಬ ಪದವನ್ನು ನಾವು ಸಲೀಸಾಗಿ ಆಡುತ್ತೇವೆ. ಸುಳ್ಳು ಅಂಕಿಯ ಕೆಳಗೆ ಸಹಿ ಹಾಕಿದ ಕೈ ಆ ಪದಕ್ಕೆ ಅರ್ಹವಲ್ಲ ಎಂದು ನನಗೆ ಅಂದು ತಿಳಿಯಿತು.

ಈ ಕಾಯಿಲೆಯನ್ನು ತಡೆಯಬಹುದೇ? ಬಹಳಷ್ಟು ಮಟ್ಟಿಗೆ ತಡೆಯಬಹುದು. ಚೆನ್ನೈನ ಹಿರಿಯ ಮೂತ್ರಪಿಂಡ ತಜ್ಞ ಡಾ. ಎಂ.ಕೆ. ಮಣಿ ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ಸುತ್ತಲ ಹಳ್ಳಿಗಳಲ್ಲಿ ಮಾಡಿ ತೋರಿಸಿತು. ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅವರು ಮೂತ್ರ ಪರೀಕ್ಷಿಸಿದರು, ಬಿಪಿ ನೋಡಿದರು. ಕಾಯಿಲೆ ಕಂಡವರಿಗೆ ವೈದ್ಯರು ಅತಿ ಅಗ್ಗದ ಗುಳಿಗೆಗಳನ್ನು ಕೊಟ್ಟರು. ಬಹುತೇಕರ ರಕ್ತದೊತ್ತಡ ಹತೋಟಿಗೆ ಬಂತು. 2003ರಲ್ಲಿ ಅದರ ಫಲಿತಾಂಶ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈಚೆಗೆ ಔಷಧಿಯೂ ಸುಧಾರಿಸಿದೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಗುಳಿಗೆಯನ್ನು 4,304 ಮೂತ್ರಪಿಂಡ ರೋಗಿಗಳಲ್ಲಿ ಪರೀಕ್ಷಿಸಿದರು. ಕಾಯಿಲೆ ತೀವ್ರವಾಗುವುದು ಮತ್ತು ಅದರಿಂದಾಗುವ ಸಾವು ಶೇ. 39ರಷ್ಟು ಕಡಿಮೆಯಾಯಿತೆಂದು 2020ರಲ್ಲಿ ವರದಿಯಾಯಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಇಳಿಯಿತು. ಯಾರಿಗೆ ಸಲ್ಲುತ್ತದೆ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ವೈದ್ಯರನ್ನು ಕೇಳಬೇಕಾದವರು ನಾವು.

ಕೊನೆಯ ಮಾತು, ಹೇಳಲು ಕಷ್ಟವಾದದ್ದು. ಅಣ್ಣನಿಗೆ ಕಸಿ ಮಾಡಬಹುದು, ಮನೆಯವರು ಯಾರಾದರೂ ಮೂತ್ರಪಿಂಡ ಕೊಡುತ್ತೀರಾ ಎಂದು ವೈದ್ಯರು ಕೇಳಿದರು. ವೈನಿ ಆ ಕ್ಷಣವೇ ನಾ ಕೊಡ್ತೀನಿ ಎಂದರು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕೊಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಸಮಾನತೆಯ ಭಾಷಣ ಮಾಡುವ ನಾವು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ವೈನಿಗೂ ಸಕ್ಕರೆ ಕಾಯಿಲೆ ಇದ್ದುದರಿಂದ ಆಗಲಿಲ್ಲ. ಉಳಿದವನು ನಾನು. ರಕ್ತದ ಗುಂಪು ಒಂದೇ. ಆರೋಗ್ಯ ಚೆನ್ನಾಗಿತ್ತು. ಮನೆಯ ಹಿರಿಯರೊಬ್ಬರು ಲಿಂಗ ಕಟ್ಟಿದ ದೇಹ, ಕೊಯ್ಯಿಸಿ ಅಪೂರ್ಣ ಮಾಡಬಾರದು ಎಂದರು. ನಾನು ಆ ಮಾತನ್ನು ಹಿಡಿದುಕೊಂಡೆ. ಎಂಟು ತಿಂಗಳು ಸುಮ್ಮನಿದ್ದೆ. ಅಣ್ಣ ಒಮ್ಮೆಯೂ ಕೇಳಲಿಲ್ಲ. ಇಲ್ಲಿಗೇ ಬಂದು ಅಪ್ಪಗಳ ಮುಂದೆ ಹೇಳಿಕೊಂಡಾಗ ಅವರು ನಕ್ಕು, "ದೇಹ ನಮ್ಮದಲ್ಲ ಅಂತ ದಿನಾ ಹೇಳ್ತೀರಿ, ಅದರ ಒಂದು ತುಣುಕಿಗೆ ಇಷ್ಟು ಲೆಕ್ಕ ಯಾಕ್ರಿ?" ಎಂದರು. ಧರ್ಮದ ಹೆಸರಿನಲ್ಲಿ ನಾನು ಮುಚ್ಚಿಟ್ಟಿದ್ದು ಬರೀ ಅಂಜಿಕೆ. ಮರುದಿನವೇ ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಅಣ್ಣನ ಹೃದಯ ಸೋತಿತ್ತು, ಅವನು ಶಸ್ತ್ರಚಿಕಿತ್ಸೆ ತಡೆಯುವುದಿಲ್ಲ ಎಂದರು. ನಾನು ಅಳುತ್ತಿದ್ದಾಗ ಅವನೇ ನನಗೆ ಸಮಾಧಾನ ಹೇಳಿದ: "ಇರಲಿ ಬಿಡೋ ತಮ್ಮಾ, ನೀ ಬಂದ್ಯಲ್ಲ." ಅದಾಗಿ ಏಳು ತಿಂಗಳಿಗೆ ಲಿಂಗೈಕ್ಯನಾದ.

ನನ್ನ ಅಂಜಿಕೆಗೆ ಆಧಾರವಿರಲಿಲ್ಲ. 1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿ ಸಹೋದರನಿಗೆ ಮೂತ್ರಪಿಂಡ ಕೊಟ್ಟ ಜಗತ್ತಿನ ಮೊದಲ ಯಶಸ್ವಿ ದಾನಿ ಒಂದೇ ಮೂತ್ರಪಿಂಡದಲ್ಲಿ 56 ವರ್ಷ ಬದುಕಿ 2010ರಲ್ಲಿ ತೀರಿಕೊಂಡರು. ಅಮೆರಿಕದ ಮಿನ್ನೆಸೋಟದಲ್ಲಿ 3,698 ದಾನಿಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರ ಆಯುಷ್ಯ ಸಾಮಾನ್ಯ ಜನರಷ್ಟೇ ಇತ್ತು. ಅಪಾಯ ಸೊನ್ನೆ ಎಂದು ಯಾರೂ ಹೇಳುವುದಿಲ್ಲ. ಪೂರ್ಣ ಆರೋಗ್ಯವಂತರಿಗೆ ಹೋಲಿಸಿದರೆ ಮುಂದೆ ಮೂತ್ರಪಿಂಡ ಕೆಡುವ ಸಾಧ್ಯತೆ ಸ್ವಲ್ಪ ಹೆಚ್ಚು ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಅದಕ್ಕೇ ದಾನಿಯನ್ನು ಅಷ್ಟೊಂದು ಪರೀಕ್ಷಿಸುತ್ತಾರೆ.

ಮಿದುಳು ಸತ್ತವರ ಅಂಗಗಳನ್ನೂ ಕುಟುಂಬ ಕೊಡಬಹುದು. 1994ರ ಕಾನೂನು ಇದಕ್ಕೆ ದಾರಿ ಮಾಡಿದೆ, ಮಾರಾಟವನ್ನು ಅಪರಾಧ ಮಾಡಿದೆ. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಇದನ್ನು ನಡೆಸುತ್ತದೆ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಅಂಗದಾನ ಮಾಡಿದ್ದು ನಿಮಗೆ ನೆನಪಿರಬಹುದು. ಅಂಗ ತೆಗೆದ ಮೇಲೆ ದೇಹವನ್ನು ಹೊಲಿದು ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ. ನಮ್ಮ ಕ್ರಿಯಾಸಮಾಧಿಗೆ ಯಾವ ಅಡ್ಡಿಯೂ ಇಲ್ಲ.

ನನ್ನ ಬಿನ್ನಹ ಮೂರು. ನಲವತ್ತು ದಾಟಿದವರು, ಸಕ್ಕರೆ ಅಥವಾ ಬಿಪಿ ಇರುವವರು ವರ್ಷಕ್ಕೊಮ್ಮೆ ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ ನೋಡಿಸಿಕೊಳ್ಳಿ. ಮುಂದಿನ ಗೋಷ್ಠಿಯ ದಿನ ಮಠದ ಆವರಣದಲ್ಲೇ ಆ ತಪಾಸಣೆ ಇಡಲು ಅಪ್ಪಗಳು ಒಪ್ಪಿದ್ದಾರೆ. ನಿಮ್ಮ ತಾಲ್ಲೂಕಿನ ಡಯಾಲಿಸಿಸ್ ಕೇಂದ್ರಕ್ಕೆ ಇಬ್ಬರು ಹೋಗಿ ನೀರಿನ ಪರೀಕ್ಷೆಯ ವರದಿಯನ್ನು ವಿನಯದಿಂದ ಕೇಳಿ. ನೀರಿನ ಲೆಕ್ಕ ಅರ್ಥವಾಗದಿದ್ದರೆ ನನ್ನನ್ನು ಕರೆಯಿರಿ, ಬರುತ್ತೇನೆ. ಮತ್ತೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡ ಬೇಕಾಗಿದ್ದರೆ, ಕೊಡುವುದಿರಲಿ ಬಿಡುವುದಿರಲಿ, ಎಂಟು ತಿಂಗಳು ಸುಮ್ಮನಿರಬೇಡಿ. ಈ ವಾರವೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ.